ಮಚ್ಚೆ ತೆಗೆಸಿದ ಮೇಲೆ: ಯಾವ ತಪಾಸಣೆ ಸಾಕು, ಯಾವುದು ಅತಿ?

ಹೊಲಿಗೆ ಬಿಚ್ಚಿದ ದಿನ ನನಗೆ ಸಿಕ್ಕಿದ್ದು ಒಂದೇ ಸಾಲು: "ಪೂರ್ತಿ ಬಂದಿದೆ, ಆರು ತಿಂಗಳು ಬಿಟ್ಟು ಬನ್ನಿ." ಹಿಮ್ಮಡಿಯ ಪಕ್ಕದ ಒಂದು ಮಚ್ಚೆ, 0.6 ಮಿ.ಮೀ. ಆಳದ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್. ಕುಂಟುತ್ತಾ ಮನೆಗೆ ಬಂದರೆ ಸಲಹೆಗಳು ಕಾದು ಕೂತಿದ್ದವು. ವರ್ಷಕ್ಕೊಂದು ಪೆಟ್ ಸ್ಕ್ಯಾನ್ ಮಾಡಿಸು ಅಂದರು ಒಬ್ಬರು. ಇನ್ನು ಮೇಲೆ ಕ್ಯಾನ್ಸರ್ ತಜ್ಞರನ್ನು ಬಿಟ್ಟು ಬೇರೆಯವರಿಗೆ ತೋರಿಸಬೇಡ ಅಂದರು ಇನ್ನೊಬ್ಬರು. ಫೋನಿನಲ್ಲೇ ಮಚ್ಚೆ ಪರೀಕ್ಷೆ ಮಾಡುವ ಆ್ಯಪ್ ಕಳಿಸಿದರು ಮತ್ತೊಬ್ಬರು. ತೆಗೆದಾಯಿತಲ್ಲ, ಮರೆತುಬಿಡು ಅಂದವರೂ ಇದ್ದರು.

ಆರು ವರ್ಷ ಈ ದಾರಿಯಲ್ಲಿ ನಡೆದ ಮೇಲೆ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಆರಂಭದ ಹಂತದಲ್ಲೇ ಸಿಕ್ಕಿದ ಚರ್ಮದ ಕ್ಯಾನ್ಸರ್ ಆದರೆ ನಿಮ್ಮ ದುಡ್ಡು, ಸಮಯ, ಹಟ ಮೂರನ್ನೂ ಚರ್ಮ ನೋಡಿಸುವುದಕ್ಕೆ ಖರ್ಚು ಮಾಡಿ. ಮೈಯೊಳಗೆ ಹುಡುಕುವ ಯಂತ್ರಗಳಿಗಲ್ಲ. ಹೀಗೇಕೆ ಹೇಳುತ್ತೇನೆ ಎಂಬುದು ಮುಂದಿದೆ. ಇದು ಆರಂಭದ ಹಂತದವರಿಗೆ ಮಾತ್ರ ಬರೆದದ್ದು. ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹರಡಿದವರ ಲೆಕ್ಕವೇ ಬೇರೆ.

ಮೊದಲು ಆ ಒಂದು ಕಾಗದ

ಯಾವ ಆಯ್ಕೆಯನ್ನೂ ಪೆಥಾಲಜಿ ರಿಪೋರ್ಟ್, ಅಂದರೆ ತೆಗೆದ ಮಚ್ಚೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದ ವರದಿ, ಕೈಯಲ್ಲಿಲ್ಲದೆ ತೂಗಲಾಗದು. ನನಗೆ ಅದನ್ನು ಯಾರೂ ತಾವಾಗಿ ಕೊಡಲಿಲ್ಲ. ಎರಡು ಸಲ ಕೇಳಿ, ಮೂರನೇ ಸಲ ಕೌಂಟರಿನ ಮುಂದೆಯೇ ನಿಂತು ಇಸಿದುಕೊಂಡೆ. "ಡಾಕ್ಟರ ಫೈಲಿನಲ್ಲಿದೆಯಲ್ಲ" ಎಂಬ ಉತ್ತರಕ್ಕೆ ಒಪ್ಪಬೇಡಿ. ಊರು ಬದಲಾಗುತ್ತದೆ, ಡಾಕ್ಟರು ಬದಲಾಗುತ್ತಾರೆ, ಫೈಲು ಕಳೆಯುತ್ತದೆ.

ಅದರಲ್ಲಿ ನೋಡಬೇಕಾದ್ದು ಮೊದಲಿಗೆ ಜಾತಿ. ಬೇಸಲ್ ಸೆಲ್, ಸ್ಕ್ವಾಮಸ್ ಸೆಲ್, ಮೆಲನೋಮ ಎಂದು ಮುಖ್ಯವಾಗಿ ಮೂರು. ಬೇಸಲ್ ಸೆಲ್ ಬೇರೆ ಅಂಗಕ್ಕೆ ಹರಡುವುದು ತೀರಾ ಅಪರೂಪ. ಅದರ ತಂಟೆಯೆಲ್ಲ ಇದ್ದಲ್ಲೇ ಕೊರೆಯುತ್ತಾ ಹೋಗುವುದು ಮತ್ತು ಬೇರೆ ಕಡೆ ಹೊಸದಾಗಿ ಹುಟ್ಟುವುದು. ಸ್ಕ್ವಾಮಸ್ ಕೆಲವೊಮ್ಮೆ ಗ್ರಂಥಿಗೆ ಹೋಗುತ್ತದೆ. ತುಟಿ, ಕಿವಿ, ಹಳೆಯ ಸುಟ್ಟಗಾಯದ ಕಲೆ, ವಾಸಿಯಾಗದ ಹುಣ್ಣು, ಇಂಥ ಕಡೆ ಬಂದದ್ದಾದರೆ ಹೆಚ್ಚು ಎಚ್ಚರ ಬೇಕು. ಅಂಗಾಂಗ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರಿಗಂತೂ ಇನ್ನೂ ಹೆಚ್ಚು.

ಮೆಲನೋಮ ಆದರೆ ಕಣ್ಣು ಹೋಗಬೇಕಾದ್ದು ಬ್ರೆಸ್ಲೋ ಅಳತೆಗೆ. 1970ರಲ್ಲಿ ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ಪೆಥಾಲಜಿಸ್ಟ್ ತೋರಿಸಿಕೊಟ್ಟದ್ದು ಸರಳ ಸಂಗತಿ: ಮಚ್ಚೆ ಎಷ್ಟು ಅಗಲ ಎನ್ನುವುದಕ್ಕಿಂತ ಎಷ್ಟು ಆಳ ಎನ್ನುವುದೇ ಭವಿಷ್ಯ ಹೇಳುತ್ತದೆ. ಈಗಲೂ ಹಂತ ನಿರ್ಧಾರ ನಿಂತಿರುವುದು ಅದರ ಮೇಲೇ. 0.8 ಮಿ.ಮೀ.ಗಿಂತ ಕಡಿಮೆ ಇದ್ದು, ಮೇಲೆ ಹುಣ್ಣಾಗಿಲ್ಲದಿದ್ದರೆ ಟಿ1ಎ. 0.8ರಿಂದ 1.0 ಇದ್ದರೆ, ಅಥವಾ ಅದಕ್ಕಿಂತ ತೆಳುವಾಗಿದ್ದೂ ಹುಣ್ಣಾಗಿದ್ದರೆ ಟಿ1ಬಿ. ಕಾಯಿಲೆ ಹರಡಿದರೆ ಮೊದಲು ತಲುಪುವ ಕಾವಲು ಗ್ರಂಥಿಯನ್ನು ತೆಗೆದು ನೋಡುವ ಬಯಾಪ್ಸಿ, ಅಂದರೆ ಸೆಂಟಿನೆಲ್ ನೋಡ್ ಬಯಾಪ್ಸಿ, ಮೊದಲ ಗುಂಪಿಗೆ ಸಾಮಾನ್ಯವಾಗಿ ಬೇಡ. ಎರಡನೆಯದಕ್ಕೆ ಕೂತು ಮಾತಾಡಿ ನಿರ್ಧರಿಸುವಂಥದ್ದು. 1 ಮಿ.ಮೀ. ದಾಟಿದರೆ ಮಾಡಿಸಿ ಎಂದೇ ಹೇಳುತ್ತಾರೆ. ಒಂದು ಕೂದಲೆಳೆಯಷ್ಟು ವ್ಯತ್ಯಾಸ ದಾರಿಯನ್ನೇ ಬೇರೆ ಮಾಡುತ್ತದೆ ನೋಡಿ. ಹಾಗಾಗಿ "ಚಿಕ್ಕದಿತ್ತು, ತೆಗೆದೆವು" ಎಂಬ ಮಾತಿಗೆ ಬೆಲೆಯಿಲ್ಲ. ಅಂಕಿ ಬೇಕು.

ಧೈರ್ಯಕ್ಕೆ ಇನ್ನೊಂದು ಅಂಕಿ. 1ಎ ಹಂತದ, ಅಂದರೆ ನನ್ನದರಂತೆ ತೆಳುವಾಗಿದ್ದು ಎಲ್ಲೂ ಹರಡದ ಮೆಲನೋಮದವರಲ್ಲಿ ಹತ್ತು ವರ್ಷದ ನಂತರವೂ 100ಕ್ಕೆ 98 ಮಂದಿ ಈ ಕಾಯಿಲೆಗೆ ಬಲಿಯಾಗದೆ ಉಳಿದಿರುತ್ತಾರೆ. ಇದನ್ನು ನಾನು ಕಾಗದದ ಮೇಲೆ ಬರೆದು ಅಲಮಾರಿಯ ಒಳಬಾಗಿಲಿಗೆ ಅಂಟಿಸಿಕೊಂಡಿದ್ದೆ. ನಂಬಲು ಒಂದು ವರ್ಷ ಹಿಡಿಯಿತು.

ಎಷ್ಟು ಸಲ ತೋರಿಸಬೇಕು?

ಇಲ್ಲಿ ದೇಶಗಳೇ ಒಂದು ಮಾತಿಗೆ ಬಂದಿಲ್ಲ. ಅಮೆರಿಕದ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟವಾದ ಎನ್‌ಸಿಸಿಎನ್ ಮಾರ್ಗಸೂಚಿ 1ಎ ಹಂತದವರಿಗೆ ಐದು ವರ್ಷ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎನ್ನುತ್ತದೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ ಅದೇ ಹಂತದವರನ್ನು ಮೊದಲ ವರ್ಷದ ತಪಾಸಣೆ ಮುಗಿದ ಮೇಲೆ, ನೋಡಿಕೊಳ್ಳುವುದು ಹೇಗೆಂದು ಕಲಿಸಿ, ಕಳಿಸಿಕೊಡಬಹುದು ಎನ್ನುತ್ತದೆ. ಒಬ್ಬರು ಜೀವನಪೂರ್ತಿ ಬಾ ಅಂದರೆ ಇನ್ನೊಬ್ಬರು ವರ್ಷದಲ್ಲೇ ಕೈಬಿಡುತ್ತಾರೆ. ಮೊದಲ ಸಲ ಓದಿದಾಗ ನನಗೆ ಸಿಟ್ಟೇ ಬಂದಿತ್ತು.

ಸಿಟ್ಟು ಇಳಿದದ್ದು ನೆದರ್ಲೆಂಡ್ಸ್ ಮತ್ತು ಬ್ರಿಟನ್ನಿನಲ್ಲಿ ನಡೆದ ಮೆಲ್ಫೋ ಅಧ್ಯಯನದ ಬಗ್ಗೆ ತಿಳಿದಾಗ. ನನಗಿಂತ ಮುಂದಿನ ಹಂತದವರನ್ನೇ, ಅಂದರೆ 1ಬಿಯಿಂದ 2ಸಿವರೆಗಿನವರನ್ನು, ಎರಡು ಗುಂಪು ಮಾಡಿ ಒಂದಕ್ಕೆ ಮಾಮೂಲಿನಷ್ಟು, ಇನ್ನೊಂದಕ್ಕೆ ಕಡಿಮೆ ಭೇಟಿ ಇಟ್ಟರು. ಕಡಿಮೆ ಭೇಟಿಯವರು ಮರುಕಳಿಕೆ ಪತ್ತೆಯಲ್ಲಾಗಲಿ ಬದುಕುಳಿಯುವುದರಲ್ಲಾಗಲಿ ಹಿಂದೆ ಬೀಳಲಿಲ್ಲ. ಅವರ ಆತಂಕವೂ ಹೆಚ್ಚಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ: ಮತ್ತೆ ಬಂದದ್ದನ್ನು ಬಹಳಷ್ಟು ಸಲ ಮೊದಲು ಕಾಣುವವರು ರೋಗಿಯೇ, ಇಲ್ಲವೇ ಮನೆಯವರೇ. ಡಾಕ್ಟರು ವರ್ಷಕ್ಕೆ ಇಪ್ಪತ್ತು ನಿಮಿಷ ನೋಡುತ್ತಾರೆ. ಉಳಿದಷ್ಟೂ ಹೊತ್ತು ಆ ಚರ್ಮದೊಳಗೆ ಇರುವವರು ನಾವೇ.

ಹೇಗೆ ಆರಿಸುವುದು? ಮೈತುಂಬ ಮಚ್ಚೆ ಇರುವವರು, ಮನೆಯಲ್ಲಿ ಇನ್ನೊಬ್ಬರಿಗೆ ಮೆಲನೋಮ ಬಂದವರು, ರೋಗನಿರೋಧಕ ಶಕ್ತಿ ಕಡಿಮೆಯಿರುವವರು, ಒಂಟಿಯಾಗಿದ್ದು ಬೆನ್ನು ನೋಡಲು ಯಾರೂ ಇಲ್ಲದವರು ಆರು ತಿಂಗಳ ಲೆಕ್ಕವನ್ನೇ ಹಿಡಿಯಿರಿ. ಮಚ್ಚೆ ಕಡಿಮೆ, ಜೊತೆಗೆ ನೋಡುವ ಕಣ್ಣು ಇದೆ, ಏನಾದರೂ ಕಂಡರೆ ಎರಡು ವಾರದೊಳಗೆ ಅಪಾಯಿಂಟ್‌ಮೆಂಟ್ ಸಿಗುತ್ತದೆ ಎಂದಾದರೆ ವರ್ಷಕ್ಕೊಂದು ಸಾಕು. ನನ್ನ ಕೇಳಿದರೆ ನಿಗದಿತ ಭೇಟಿ ಎಷ್ಟು ಎನ್ನುವುದಕ್ಕಿಂತ "ನಡುವೆ ಅನುಮಾನ ಬಂದರೆ ಎಷ್ಟು ದಿನದಲ್ಲಿ ನೋಡುತ್ತೀರಿ?" ಎಂಬ ಪ್ರಶ್ನೆಗೆ ಸಿಗುವ ಉತ್ತರವೇ ದೊಡ್ಡದು. ಅದನ್ನು ಮೊದಲ ಭೇಟಿಯಲ್ಲೇ ಕೇಳಿಬಿಡಿ.

ಬೇಸಲ್ ಸೆಲ್ ಬಂದವರು "ನನ್ನದು ಸಾಧು ಜಾತಿ" ಎಂದು ಮಲಗಬೇಡಿ. ಬಿಳಿ ಚರ್ಮದವರ ನಡುವೆ ನಡೆದ ಅಧ್ಯಯನಗಳಲ್ಲಿ ಐದು ವರ್ಷದೊಳಗೆ ಇನ್ನೊಂದು ಚರ್ಮದ ಕ್ಯಾನ್ಸರ್ ಬಂದವರು 100ಕ್ಕೆ 30ರಿಂದ 50ರಷ್ಟಿದ್ದಾರೆ. ಕೊಲ್ಲುವುದಿಲ್ಲ ನಿಜ, ಆದರೆ ಮೂಗಿನ ತುದಿಯನ್ನೋ ರೆಪ್ಪೆಯ ಅಂಚನ್ನೋ ತಿನ್ನುವವರೆಗೆ ಬಿಡುವುದೇಕೆ?

ಯಾರಿಗೆ ತೋರಿಸಬೇಕು?

ಚರ್ಮತಜ್ಞರು, ಆಪರೇಷನ್ ಮಾಡಿದ ಸರ್ಜನ್, ಕ್ಯಾನ್ಸರ್ ತಜ್ಞರು, ಮನೆ ಡಾಕ್ಟರು. ಆರಂಭದ ಹಂತಕ್ಕೆ ಮೊದಲನೆಯವರೇ ಸರಿ, ಅದೂ ಕೈಯಲ್ಲಿ ಡರ್ಮೋಸ್ಕೋಪ್ (ಚರ್ಮ ನೋಡುವ ಭೂತಗನ್ನಡಿ) ಇರುವವರು. ಸರ್ಜನ್ ಗಾಯದ ಗುರುತು ನೋಡುತ್ತಾರೆ, ಚೆನ್ನಾಗಿ ಮಾಗಿದೆ ಎನ್ನುತ್ತಾರೆ. ಎರಡನೆಯ ಮೆಲನೋಮ ಹುಟ್ಟಿದರೆ ಅದು ಬೇರೆಲ್ಲೋ ಇರುತ್ತದೆ. ನನ್ನ ಮೂರನೇ ಭೇಟಿಯಲ್ಲಿ ಒಬ್ಬರು ಕಾಲುಚೀಲ ಮಾತ್ರ ತೆಗೆಸಿ, ಹಿಮ್ಮಡಿ ನೋಡಿ, ಚೀಟಿ ಬರೆದರು. ಬೆನ್ನು ನೋಡಲಿಲ್ಲ, ತೊಡೆಸಂದು ಮುಟ್ಟಲಿಲ್ಲ. ನಾನೂ ಸಂಕೋಚಪಟ್ಟು ಸುಮ್ಮನೆ ಎದ್ದು ಬಂದೆ. ಈಗ ಒಳಗೆ ಹೋದ ಕೂಡಲೇ ಹೇಳುತ್ತೇನೆ: "ಪೂರ್ತಿ ಮೈ ನೋಡಿಸಿಕೊಳ್ಳಲು ಬಂದಿದ್ದೇನೆ, ನೆತ್ತಿಯಿಂದ ಕಾಲ್ಬೆರಳ ಸಂದಿವರೆಗೆ. ಗ್ರಂಥಿಗಳನ್ನೂ ಮುಟ್ಟಿ ನೋಡಿ." ಗಂಡು ಡಾಕ್ಟರೆಂದು ಮುಜುಗರವಾದರೆ ಹೆಣ್ಣು ಡಾಕ್ಟರನ್ನೋ ಜೊತೆಗೆ ನರ್ಸನ್ನೋ ಕೇಳಿ. ಬಟ್ಟೆಯ ಮೇಲಿಂದ ಚರ್ಮ ಕಾಣುವುದಿಲ್ಲ. ಮನೆ ಡಾಕ್ಟರಿಗೂ ರಿಪೋರ್ಟಿನ ಒಂದು ಪ್ರತಿ ಕೊಟ್ಟಿರಿ. ಮಂಡಿನೋವಿಗೆ ಹೋದಾಗ ಅವರ ಕಣ್ಣಿಗೇ ಏನಾದರೂ ಬೀಳಬಹುದು.

ಸ್ಕ್ಯಾನ್ ಮಾಡಿಸಿದರೆ ಏನು ತಪ್ಪು?

ಗುಡ್ಡ ಅಗೆದು ಇಲಿ ಹಿಡಿಯುವ ಕೆಲಸ ಇದು. ಎಷ್ಟೋ ಸಲ ಇಲಿಯೂ ಸಿಗದೆ, ಹೊಸದೊಂದು ಗಾಬರಿ ಸಿಗುತ್ತದೆ. 1ಎ ಹಂತದಲ್ಲಿ ದೂರಕ್ಕೆ ಹರಡಿರುವ ಸಾಧ್ಯತೆ ಎಷ್ಟು ಕಡಿಮೆ ಎಂದರೆ ಸ್ಕ್ಯಾನಿನಲ್ಲಿ ಏನಾದರೂ ಹೊಳೆದರೆ ಅದು ಕ್ಯಾನ್ಸರ್ ಆಗಿರುವುದಕ್ಕಿಂತ ಹಳೆಯ ಸೋಂಕಿನ ಕಲೆಯೋ, ನಿರಪಾಯದ ಗಂಟೋ ಆಗಿರುವುದೇ ಹೆಚ್ಚು. ಅದನ್ನು ಅಲ್ಲವೆಂದು ಸಾಬೀತು ಮಾಡಲು ಇನ್ನೊಂದು ಸ್ಕ್ಯಾನ್, ಒಂದು ಸೂಜಿ, ಮೂರು ವಾರ ನಿದ್ದೆಯಿಲ್ಲದ ರಾತ್ರಿ. ಲಕ್ಷಣವೇ ಇಲ್ಲದ ಆರಂಭದ ಹಂತದವರಿಗೆ ಮಾಮೂಲಿ ಸ್ಕ್ಯಾನ್ ಬೇಡ, ರಕ್ತ ಪರೀಕ್ಷೆ ಬೇಡ ಎಂದು ಮಾರ್ಗಸೂಚಿಗಳು ಹೇಳುವುದು ದುಡ್ಡು ಉಳಿಸಲಿಕ್ಕಲ್ಲ. ಎಲ್‌ಡಿಎಚ್ ಎಂಬ ರಕ್ತ ಪರೀಕ್ಷೆಗೆ ಅರ್ಥ ಬರುವುದು ಕಾಯಿಲೆ ದೂರಕ್ಕೆ ಹರಡಿದ ಮೇಲೆ. ಗಡ್ಡೆಯ ಜೀನ್ ನೋಡಿ ಅಪಾಯ ಅಳೆಯುವ ಪರೀಕ್ಷೆಗಳನ್ನೂ ಎಲ್ಲರಿಗೂ ಮಾಡಿಸಿ ಎಂದು ಮಾರ್ಗಸೂಚಿಗಳು ಹೇಳಿಲ್ಲ.

ಲಕ್ಷಣ ಇದ್ದರೆ ಮಾತು ಬೇರೆ. ಕಂಕುಳಲ್ಲಿ, ತೊಡೆಸಂದಿಯಲ್ಲಿ, ಕತ್ತಿನಲ್ಲಿ ಕೆಲವು ವಾರವಾದರೂ ಕರಗದ ಗಟ್ಟಿ ಗಂಟು, ಗಾಯದ ಗುರುತಿನ ಪಕ್ಕದಲ್ಲೇ ಹೊಸ ಗುಳ್ಳೆ, ಕಾರಣವಿಲ್ಲದೆ ಇಳಿಯುವ ತೂಕ, ಹೋಗದ ತಲೆನೋವು. ಆಗ "ನಿಮ್ಮದು 1ಎ ಅಲ್ಲವಾ, ಸ್ಕ್ಯಾನ್ ಬೇಡ" ಎಂದು ಯಾರಾದರೂ ಅಂದರೆ ಬಿಡಬೇಡಿ. ಆ ನಿಯಮ ಲಕ್ಷಣವಿಲ್ಲದವರಿಗೆ.

ಬರಿಗಣ್ಣು, ಡರ್ಮೋಸ್ಕೋಪ್, ಫೋಟೋ, ಆ್ಯಪ್

ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ತಿಂಗಳ ಮೊದಲ ಭಾನುವಾರ ಸ್ನಾನದ ನಂತರ ನನ್ನ ಕಾರ್ಯಕ್ರಮ: ಒಂದು ನಿಲುವುಗನ್ನಡಿ, ಒಂದು ಕೈಗನ್ನಡಿ, ಟ್ಯೂಬ್‌ಲೈಟಿಗಿಂತ ಕಿಟಕಿಯ ಬೆಳಕು. ಅಂಗೈ, ಬೆರಳ ಸಂದಿ, ಕಿವಿಯ ಹಿಂದೆ, ಸ್ತನದ ಕೆಳಗೆ, ಪೃಷ್ಠ, ಪಾದದ ಅಡಿ. ಕೂದಲನ್ನು ಬಾಚಣಿಗೆಯಿಂದ ಸಾಲುಸಾಲಾಗಿ ಬಿಡಿಸಿ ನೆತ್ತಿ ನೋಡುವುದು ಗಂಡನ ಪಾಲು. ಹೇನು ನೋಡುವ ಅಜ್ಜಿಯಂತೆ ಕೂರುತ್ತಾನೆ ಎಂದು ಮಗಳು ನಗುತ್ತಾಳೆ. ಆಮೇಲೆ ಹಿಮ್ಮಡಿಯ ಗುರುತಿನಿಂದ ಮಂಡಿಯ ಹಿಂಭಾಗ, ಅಲ್ಲಿಂದ ತೊಡೆಸಂದಿವರೆಗೆ ಬೆರಳ ತುದಿಯಿಂದ ಸವರಿಕೊಂಡು ಹೋಗುತ್ತೇನೆ. ಗಡ್ಡೆ ಇದ್ದ ಜಾಗಕ್ಕೂ ಹತ್ತಿರದ ಗ್ರಂಥಿಗಳಿಗೂ ನಡುವಿನ ಈ ದಾರಿಯಲ್ಲೇ ಸಣ್ಣ ಗಂಟು ಏಳಬಹುದು. ಇದನ್ನು ನನಗೆ ಹೇಳಿಕೊಟ್ಟದ್ದು ಡಾಕ್ಟರಲ್ಲ, ಡ್ರೆಸ್ಸಿಂಗ್ ಮಾಡುತ್ತಿದ್ದ ನರ್ಸ್.

ಕಂದು, ಕಪ್ಪು ಮೈಬಣ್ಣದವರು ಪಾದ, ಅಂಗೈ, ಉಗುರನ್ನು ಎರಡು ಸಲ ನೋಡಿ. ನಮ್ಮಂಥವರಲ್ಲಿ ಮೆಲನೋಮ ಹೆಚ್ಚಾಗಿ ಅಡಗುವುದು ಬಿಸಿಲೇ ಬೀಳದ ಈ ಜಾಗಗಳಲ್ಲಿ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಪತ್ತೆಯಾದದ್ದೂ ಕಾಲ್ಬೆರಳ ಉಗುರಿನಡಿಯ ಮೆಲನೋಮವೇ. ನಾಲ್ಕು ವರ್ಷದಲ್ಲಿ, 36ನೇ ವಯಸ್ಸಿಗೆ ತೀರಿಕೊಂಡರು. ಹಲವು ಉಗುರುಗಳಲ್ಲಿ ತೆಳು ಕಪ್ಪು ಗೆರೆ ಇರುವುದು ನಮ್ಮಲ್ಲಿ ಸಹಜ, ಅದಕ್ಕೆ ಹೆದರಬೇಡಿ. ಒಂದೇ ಉಗುರಿನಲ್ಲಿ ಹೊಸದಾಗಿ ಬಂದ, ಅಗಲವಾಗುತ್ತಿರುವ, ಉಗುರಿನ ಬುಡದ ಚರ್ಮಕ್ಕೂ ಬಣ್ಣ ಹರಿಸಿದ ಗೆರೆ ಕಂಡರೆ ಮಾತ್ರ ಅದೇ ವಾರ ಹೊರಡಿ.

ಡರ್ಮೋಸ್ಕೋಪ್ ಎಂದರೆ ಬೆಳಕು ಕೂಡಿದ ಭೂತಗನ್ನಡಿ. ಚರ್ಮದ ಮೇಲ್ಪದರದ ಕೆಳಗಿನ ವಿನ್ಯಾಸವನ್ನೂ ತೋರಿಸುತ್ತದೆ. ಪಳಗಿದ ಕೈಯಲ್ಲಿದ್ದರೆ ಬರಿಗಣ್ಣಿಗಿಂತ ಎಷ್ಟೋ ಮೇಲು. ಪೂರ್ತಿ ಮೈಯ ಫೋಟೋ ತೆಗೆದಿಟ್ಟು ಮುಂದಿನ ಸಲ ಹೋಲಿಸುವ ಸೌಲಭ್ಯ ಐವತ್ತಕ್ಕಿಂತ ಹೆಚ್ಚು ಮಚ್ಚೆ ಇರುವವರಿಗೆ ನಿಜಕ್ಕೂ ಉಪಯೋಗ. ಹತ್ತು ಮಚ್ಚೆ ಇರುವವರಿಗೆ ಅದು ಶೋಕಿ. ನಿಮ್ಮ ಫೋನೇ ಸಾಕು. ಪಕ್ಕದಲ್ಲೊಂದು ಸ್ಕೇಲ್ ಇಟ್ಟು, ಪ್ರತಿ ಸಲ ಅದೇ ದೂರದಿಂದ, ಅದೇ ಬೆಳಕಿನಲ್ಲಿ ತೆಗೆಯಿರಿ. ಮೊದಲ ವರ್ಷದ ನನ್ನ ಫೋಟೋಗಳೆಲ್ಲ ಮಸುಕು, ಒಂದರಲ್ಲೂ ಅಳತೆಯಿಲ್ಲ. ಎರಡನೇ ವರ್ಷ ಡಾಕ್ಟರು "ಇದು ಮೊದಲು ಎಷ್ಟಿತ್ತು?" ಎಂದಾಗ ಕೈಯಲ್ಲಿದ್ದ ಹದಿನೇಳು ಫೋಟೋ ಒಂದೂ ಉತ್ತರ ಕೊಡಲಿಲ್ಲ.

ಆ್ಯಪ್ ವಿಚಾರದಲ್ಲಿ ನನ್ನದು ಖಂಡತುಂಡ. "ಅಪಾಯವಿಲ್ಲ" ಎಂದು ಹಸಿರು ಬಣ್ಣ ತೋರಿಸುವ ಆ್ಯಪ್ ನಂಬಿ ಕೂರಬೇಡಿ. 2020ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಮರ್ಶೆ ಇಂಥ ಆ್ಯಪ್‌ಗಳ ಮೇಲೆ ಭರವಸೆ ಇಡುವಂತಿಲ್ಲ ಎಂದಿತ್ತು. ಫೋನಿಗೆ ಲೆನ್ಸ್ ಸಿಕ್ಕಿಸಿ ತೆಗೆದ ಚಿತ್ರವನ್ನು ಚರ್ಮತಜ್ಞರಿಗೇ ಕಳಿಸುವ ವ್ಯವಸ್ಥೆ ಬೇರೆ ಸಂಗತಿ. ಆಸ್ಟ್ರೇಲಿಯಾದಲ್ಲಿ ಮೆಲ್-ಸೆಲ್ಫ್ ಎಂಬ ಪ್ರಯೋಗ ಇದನ್ನೇ ಮಾಡಿನೋಡಿ ರೋಗಿಗಳಿಂದ ಆಗುವ ಕೆಲಸವೇ ಎಂದಿದೆ. ಅಲ್ಲಿ ಉತ್ತರ ಹೇಳುವುದು ಮನುಷ್ಯ.

"ಕಾದು ನೋಡೋಣ" ಅಥವಾ ಬಯಾಪ್ಸಿ

ನಾಲ್ಕನೇ ವರ್ಷ ಸೊಂಟದ ಮೇಲೆ ಒಂದು ಮಚ್ಚೆ ಉಳಿದವುಗಳ ಗುಂಪಿಗೆ ಸೇರದಂತೆ ಕಂಡಿತು. ಉಳಿದವೆಲ್ಲ ತಿಳಿಕಂದು, ಇದೊಂದು ಕಾಡಿಗೆ ಚುಕ್ಕೆ. ಗುಂಪಿನಿಂದ ಹೊರಗೆ ನಿಲ್ಲುವ ಮಚ್ಚೆಯನ್ನು ತಜ್ಞರು "ಕುರೂಪಿ ಬಾತುಮರಿ" ಎನ್ನುತ್ತಾರೆ. ಆಕಾರ, ಅಂಚು, ಬಣ್ಣ, ಅಗಲ, ಬದಲಾವಣೆ ಎಂದು ಐದು ಲಕ್ಷಣ ಎಣಿಸುವುದಕ್ಕಿಂತ ಮನೆಯವರಿಗೆ ಈ ಉಪಾಯವೇ ಸುಲಭ. ತೋರಿಸಿದೆ. ಬೇರೊಬ್ಬ ಡಾಕ್ಟರು ಕೂತಿದ್ದರು. ಕಣ್ಣು ಹಾಯಿಸಿ, "ಏನಿಲ್ಲ, ನಿಮಗೆ ಭಯ ಜಾಸ್ತಿ" ಎಂದರು.

ಆ ಹೊತ್ತಿಗೆ ನಾನು ಒಂದಿಷ್ಟು ಕಲಿತಿದ್ದೆ. ಜಗಳಕ್ಕೆ ಇಳಿಯಲಿಲ್ಲ. ಕೇಳಿದ್ದು ಮೂರೇ: ಡರ್ಮೋಸ್ಕೋಪಿನಲ್ಲಿ ನೋಡಿ ಹೇಳುತ್ತೀರಾ? ಬಯಾಪ್ಸಿ ಬೇಡ ಎನ್ನಲು ಏನು ಕಾರಣ ಎಂದು ಫೈಲಿನಲ್ಲಿ ಬರೆಯುತ್ತೀರಾ? ಕಾಯುವುದಾದರೆ ಎಷ್ಟು ದಿನ, ಯಾವ ಬದಲಾವಣೆ ಕಂಡರೆ ತೆಗೆಯುತ್ತೀರಾ? ಎರಡನೇ ಪ್ರಶ್ನೆಗೆ ಅವರ ಪೆನ್ನು ನಿಂತಿತು. ಎದ್ದು ಹೋಗಿ ಡರ್ಮೋಸ್ಕೋಪ್ ತಂದರು. ತೆಗೆದು ನೋಡಿದರೆ ನಿರಪಾಯದ ಮಚ್ಚೆ, ಅವರೇ ಸರಿ. ಆದರೂ ಕೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಕಾಯುವುದು ತಪ್ಪೆಂದಲ್ಲ. ಚಪ್ಪಟೆಯಾದ, ಸ್ವಲ್ಪ ಮಾತ್ರ ಅನುಮಾನ ಹುಟ್ಟಿಸುವ ಮಚ್ಚೆಯನ್ನು ಡರ್ಮೋಸ್ಕೋಪಿನಲ್ಲಿ ಫೋಟೋ ಹಿಡಿದು ಮೂರು ತಿಂಗಳಿಗೆ ಮತ್ತೆ ನೋಡುವುದು ಒಪ್ಪಿದ ಪದ್ಧತಿ. ಆದರೆ ಉಬ್ಬಿದ, ಗಟ್ಟಿಯಾದ, ವಾರವಾರಕ್ಕೂ ಬೆಳೆಯುವ ಗಂಟಿಗೆ ಕಾಯಬಾರದು, ಅದರ ಬಣ್ಣ ಕೆಂಪೋ ಚರ್ಮದ್ದೇ ಬಣ್ಣವೋ ಆಗಿದ್ದರೂ ಸರಿ. ಫೋಟೋ ಇಲ್ಲದೆ, ದಿನಾಂಕವಿಲ್ಲದೆ "ಕಾಯೋಣ" ಎಂದರೆ ಅದು ಕಾಯುವುದಲ್ಲ, ಮರೆಯುವುದು. ಬಯಾಪ್ಸಿಗೆ ಒಪ್ಪಿದರೆ ಇನ್ನೊಂದು ಆಯ್ಕೆ ಎದುರಾಗುತ್ತದೆ: ಮೇಲಿಂದ ಹೆರೆದು ತೆಗೆಯುವುದೋ, ಮಚ್ಚೆಯನ್ನು ಪೂರ್ತಿ ತೆಗೆಯುವುದೋ. ಮೆಲನೋಮದ ಅನುಮಾನವಿದ್ದರೆ 1ರಿಂದ 3 ಮಿ.ಮೀ. ಅಂಚು ಬಿಟ್ಟು ಪೂರ್ತಿ ತೆಗೆಯುವುದೇ ವಾಸಿ. ತೆಳುವಾಗಿ ಹೆರೆದರೆ ತಳ ಸಿಗದೆ ಆಳದ ಅಳತೆಯೇ ತಪ್ಪುತ್ತದೆ. ಪಾದ, ಮುಖ, ದೊಡ್ಡ ಮಚ್ಚೆ ಇಂಥ ಕಡೆ ಒಂದು ಭಾಗ ಮಾತ್ರ ತೆಗೆಯಬೇಕಾಗಬಹುದು.

ಎರಡನೇ ಅಭಿಪ್ರಾಯ

ಎರಡನೇ ಅಭಿಪ್ರಾಯ ಎಂದರೆ ಇನ್ನೊಬ್ಬ ಡಾಕ್ಟರ ಮುಂದೆ ಅದೇ ರಿಪೋರ್ಟ್ ಹಿಡಿಯುವುದು ಎಂದುಕೊಂಡಿದ್ದೆ. ಚರ್ಮದ ಕ್ಯಾನ್ಸರಿನಲ್ಲಿ ಅದಕ್ಕಿಂತ ಉಪಯುಕ್ತವಾದದ್ದು ತೆಗೆದ ಮಚ್ಚೆಯ ತೆಳು ಪದರವಿರುವ ಗಾಜಿನ ಸ್ಲೈಡನ್ನೇ ಇನ್ನೊಬ್ಬ ಪೆಥಾಲಜಿಸ್ಟ್ ನೋಡುವುದು. 2017ರಲ್ಲಿ ಅಮೆರಿಕದ 187 ಪೆಥಾಲಜಿಸ್ಟ್‌ಗಳ ಮೇಲೆ ನಡೆದ ಅಧ್ಯಯನದಲ್ಲಿ ತೀರಾ ನಿರಪಾಯದ ಮತ್ತು ತೀರಾ ಮುಂದುವರಿದ ಮಚ್ಚೆಗಳ ಬಗ್ಗೆ ಒಮ್ಮತ ಚೆನ್ನಾಗಿತ್ತು. ನಡುವಿನವಕ್ಕೆ, ಅಂದರೆ ಮೇಲ್ಪದರದಲ್ಲೇ ಉಳಿದದ್ದು, ತೆಳುವಾಗಿ ಇಳಿದದ್ದು, ಇಂಥವಕ್ಕೆ ತಜ್ಞರ ತೀರ್ಪಿನೊಂದಿಗೆ ಹೊಂದಿಕೆ ಅರ್ಧಕ್ಕಿಂತಲೂ ಕಡಿಮೆ. ಆರಂಭದ ಹಂತದವರೆಲ್ಲ ಇರುವುದು ಆ ನಡುವಿನಲ್ಲೇ. ಹಾಗಾಗಿ ರಿಪೋರ್ಟಿನಲ್ಲಿ "ಖಚಿತವಿಲ್ಲ" ಎಂಬ ಧಾಟಿ ಇದ್ದರೆ, ಅಳತೆ 0.8ರ ಆಸುಪಾಸಿದ್ದರೆ, ಸ್ಲೈಡು ಮತ್ತು ಉಳಿದ ತುಂಡಿರುವ ಮೇಣದ ಬ್ಲಾಕನ್ನು ಚರ್ಮದ ಪೆಥಾಲಜಿಯಲ್ಲೇ ಪಳಗಿದವರಿಗೆ ಕಳಿಸಿ ಎಂದು ಕೇಳಿ. ತೆಳು ಚರ್ಮದ, ಬೇಗ ನೊಂದುಕೊಳ್ಳುವ ಡಾಕ್ಟರಿಗಷ್ಟೇ ಇದು ಅವಮಾನ ಅನ್ನಿಸೀತು. ಅಂಕಿ ನಿಚ್ಚಳವಾಗಿದ್ದು ತೆಗೆದ ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಇದರ ಗೊಡವೆ ಬೇಡ.

ಬಿಸಿಲು, ಮಾತ್ರೆ

ಇದು ಚುಟುಕಾಗಿ. ಆಸ್ಟ್ರೇಲಿಯಾದ ನ್ಯಾಂಬೋರ್ ಊರಿನಲ್ಲಿ 1992ರಿಂದ 1996ರವರೆಗೆ ದಿನಾ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಸ್ಕ್ವಾಮಸ್ ಗಡ್ಡೆಗಳು ಸುಮಾರು ಶೇ. 40ರಷ್ಟು ಇಳಿದವು. ಬಿಸಿಲಿನಿಂದ ಬಂದ ಕ್ಯಾನ್ಸರ್ ಆದರೆ ಹಚ್ಚಿ, ಬಟ್ಟೆ ಮತ್ತು ಟೋಪಿಯನ್ನು ಅದಕ್ಕಿಂತ ಹೆಚ್ಚು ನಂಬಿ. ನನ್ನಂತೆ ಪಾದದಲ್ಲಿ ಬಂದದ್ದಾದರೆ ಸನ್‌ಸ್ಕ್ರೀನ್ ಹಚ್ಚುವ ಹೊತ್ತನ್ನು ಪಾದ ನೋಡುವುದಕ್ಕೆ ಕೊಡಿ. ಬೇಸಲ್, ಸ್ಕ್ವಾಮಸ್ ಪದೇ ಪದೇ ಬರುವವರು ಬಿ3 ವಿಟಮಿನ್ನಿನ ಒಂದು ರೂಪವಾದ ನಿಕೋಟಿನಮೈಡ್ 500 ಮಿ.ಗ್ರಾಂ ದಿನಕ್ಕೆರಡು ಸಲದ ಬಗ್ಗೆ ಡಾಕ್ಟರನ್ನು ಕೇಳಬಹುದು. 2015ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಹೊಸ ಗಡ್ಡೆಗಳು ಶೇ. 23 ಕಡಿಮೆಯಾದವು, ಮಾತ್ರೆ ನಿಲ್ಲಿಸಿದ ಮೇಲೆ ಲಾಭವೂ ನಿಂತಿತು. ಮೆಲನೋಮದವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಒಡಹುಟ್ಟಿದವರಿಗೆ, ಮಕ್ಕಳಿಗೆ ಒಮ್ಮೆ ಮೈ ತೋರಿಸಲು ಹೇಳಿ. ನನ್ನ ಅಣ್ಣ ಎರಡು ವರ್ಷ ಮುಂದೂಡಿದ. ಹೋದ ತಿಂಗಳು ನನ್ನ ತಪಾಸಣೆಗೆ ಕಾರು ಓಡಿಸಿಕೊಂಡು ಬಂದವನನ್ನು ಹೊರಗೆ ಕೂರಲು ಬಿಡದೆ ಒಳಗೆ ಕರೆದುಕೊಂಡು ಹೋದೆ. "ಇವನದ್ದೂ ಒಂದು ಚೀಟಿ ಮಾಡಿಸಿ" ಎಂದೆ. ಅವನು ಶೂ ಬಿಚ್ಚುತ್ತಾ ನನ್ನನ್ನು ನೋಡಿದ ನೋಟ ಚೆನ್ನಾಗಿರಲಿಲ್ಲ.